ಗ್ರಾಹಕರಿಗೆ ಪತ್ರ: ಮುಂದಿನ ತಿಂಗಳಿನಿಂದ ನಿಂತು ಕುಡಿಯುವ ಕಾಫಿ

ಪ್ರೀತಿಯ ಗ್ರಾಹಕರೆ,

ನಮಸ್ಕಾರ. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಜಯನಗರ ಮತ್ತು ಇಂದಿರಾನಗರದ ಅಂಗಡಿಗಳಲ್ಲಿ ಮೇಲಿನ ಮಹಡಿ ಇರುವುದಿಲ್ಲ. ಸೋಫಾ, ಎಸಿ, ವೈಫೈ ಎಲ್ಲ ಇದ್ದದ್ದು ಅಲ್ಲೇ, ಹಾಗಾಗಿ ಅವೂ ಇರುವುದಿಲ್ಲ. ಕೆಳಗಿನ ಕೌಂಟರ್ ಎಂದಿನಂತೆ ನಡೆಯುತ್ತದೆ. ನಿಂತು ಕುಡಿಯಬಹುದು, ಹೊರಗೆ ಕಟ್ಟೆಯ ಮೇಲೆ ಕೂತು ಕುಡಿಯಬಹುದು, ಫ್ಲಾಸ್ಕಿಗೆ ಹಾಕಿಸಿಕೊಂಡು ಹೋಗಬಹುದು. ಮಲ್ಲೇಶ್ವರದ ಅಂಗಡಿಯಲ್ಲಿ ಏನೂ ಬದಲಾಗುವುದಿಲ್ಲ. ಅಲ್ಲಿ ಮೊದಲಿನಿಂದಲೂ ಇರುವುದು ನಾಲ್ಕೇ ಕುರ್ಚಿ.

ಸುದ್ದಿ ಆಗಲೇ ಹಬ್ಬಿದೆ. ಕೌಂಟರಿನಲ್ಲಿ ದಿನವೂ ಒಂದೇ ಪ್ರಶ್ನೆ: "ಏನ್ರೀ, ಊರ ತುಂಬಾ ಹೊಸ ಹೊಸ ಕಾಫಿ ಶಾಪ್ ತೆಗೀತಿದ್ದಾರೆ, ನೀವ್ಯಾಕೆ ಮುಚ್ತಿದ್ದೀರಿ? ಬಿಸಿನೆಸ್ ಡಲ್ಲಾ?" ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಈ ಪತ್ರ.

ಡಲ್ ಅನ್ನುವುದು ಅರ್ಧ ನಿಜ. ಮೊದಲೆಲ್ಲ ಬೆಳಿಗ್ಗೆ ಹನ್ನೊಂದಕ್ಕೆ ಮೇಲೆ ಹೋದರೆ ಜಾಗ ಸಿಗುತ್ತಿರಲಿಲ್ಲ. ಲ್ಯಾಪ್‌ಟಾಪ್ ಇಟ್ಟುಕೊಂಡವರೇ ಜಾಸ್ತಿ. ಆಮೇಲೆ ಐಟಿ ಕಂಪನಿಗಳಲ್ಲಿ ಕೆಲಸದಿಂದ ತೆಗೆಯುವುದು ಶುರುವಾಯಿತು. ಕೆಲಸ ಉಳಿದವರೂ ಕೈ ಬಿಗಿ ಹಿಡಿದರು. ಜನ ಬರುವುದು ನಿಂತಿಲ್ಲ, ಬರುವ ರೀತಿ ಬದಲಾಯಿತು. ಇಬ್ಬರು ಬಂದರೆ ಎರಡು ಕಪುಚಿನೋ, ಒಂದು ಕೇಕ್ ಹೇಳುತ್ತಿದ್ದರು. ಈಗ ಮೆನು ಕಾರ್ಡನ್ನು ಮೇಲಿಂದ ಕೆಳಗೆ ಓದಿ, ಸ್ವಲ್ಪ ದನಿ ತಗ್ಗಿಸಿ, "ಬೈ ಟು ಕೊಡ್ತೀರಾ?" ಅಂತ ಕೇಳುತ್ತಾರೆ. ನಮ್ಮ ಹುಡುಗರು "ಇಲ್ಲ ಸರ್, ಮೇಲೆ ಬೈ ಟು ಇಲ್ಲ" ಅನ್ನಬೇಕು. ಬೆಂಗಳೂರಿನಲ್ಲಿ ಕಾಫಿ ಮಾರುತ್ತ ಬೈ ಟು ಇಲ್ಲ ಅನ್ನುವುದು ನಮಗೂ ಮುಜುಗರವೇ.

ಅದೇ ಹೊತ್ತಿಗೆ ಕೆಳಗೆ ನೋಡಿ. ಫಿಲ್ಟರ್ ಕಾಫಿಯ ಲೋಟಗಳ ಸಂಖ್ಯೆ ಇಳಿದಿಲ್ಲ. ಪುಡಿ ವ್ಯಾಪಾರವೂ ಹೆಚ್ಚು ಕಡಿಮೆ ಅಷ್ಟೇ ಇದೆ. ಅರ್ಧ ಕೇಜಿ ಒಯ್ಯುತ್ತಿದ್ದವರು ಕಾಲು ಕೇಜಿ ಒಯ್ಯುತ್ತಾರೆ, ಆದರೆ ಎರಡು ಸಲ ಬರುತ್ತಾರೆ.

ಮೇಲಿನ 220 ರೂಪಾಯಿಯ ಕಪುಚಿನೋದಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇವೆ, ಗುಟ್ಟೇನಿಲ್ಲ. ಸುಮಾರು 18 ಗ್ರಾಂ ಪುಡಿ, ಒಂದು ಸಣ್ಣ ಲೋಟ ಹಾಲು. ಈಗಿನ ರೇಟಿನಲ್ಲೂ ಇವೆರಡರ ಖರ್ಚು ಐವತ್ತು ರೂಪಾಯಿ ದಾಟುವುದಿಲ್ಲ. ಉಳಿದದ್ದೆಲ್ಲ ಬಾಡಿಗೆ, ಕರೆಂಟು, ಸಂಬಳ, ಸೋಫಾದ ಸಾಲ. ಅಂದರೆ ನೀವು ಕೊಡುತ್ತಿದ್ದ ದುಡ್ಡಿನಲ್ಲಿ ದೊಡ್ಡ ಪಾಲು ಕುರ್ಚಿಗೆ ಹೋಗುತ್ತಿತ್ತು. ಕೈಯಲ್ಲಿ ಕಾಸಿದ್ದಾಗ ಕುರ್ಚಿಗೂ ದುಡ್ಡು ಕೊಡುವುದು ತಪ್ಪಲ್ಲ, ಕೂತು ಹರಟುವುದೂ ಬೇಕಲ್ವಾ? ಕೈ ಬಿಗಿಯಾದಾಗ ಜನ ಮೊದಲು ಬಿಡುವುದು ಅದನ್ನೇ.

ದುಬಾರಿ ಕಾಫಿಯ ಚೈನ್‌ಗಳು ಕಷ್ಟದ ಕಾಲದಲ್ಲಿ ಬದುಕುತ್ತವಾ ಅನ್ನುವ ಚರ್ಚೆ ನಮ್ಮ ಹುರಿಯುವ ಮನೆಯಲ್ಲಿ ಬಹಳ ನಡೆದಿದೆ. ಬದುಕುತ್ತವೆ ಅನ್ನುವವರದು ಒಂದು ವಾದ: ಕಾರು, ಫ್ಲ್ಯಾಟು ಕೊಳ್ಳಲಾಗದವನು ಕಾಫಿಯಲ್ಲಾದರೂ ಸುಖ ಹುಡುಕುತ್ತಾನೆ. ಕೇಳಲು ಚೆನ್ನಾಗಿದೆ. ಆದರೆ 2008ರ ಆರ್ಥಿಕ ಕುಸಿತದಲ್ಲಿ ಅಮೆರಿಕದ ಕಾಫಿ ಚೈನ್ ಸ್ಟಾರ್‌ಬಕ್ಸ್‌ಗೆ ಆಗಿದ್ದು ಬೇರೆ. ಆ ವರ್ಷ ಜುಲೈನಲ್ಲಿ ಅಲ್ಲಿನ 600 ಅಂಗಡಿ ಮುಚ್ಚುತ್ತೇವೆ ಅಂದರು. ಆಸ್ಟ್ರೇಲಿಯಾದಲ್ಲಿ 84ರಲ್ಲಿ 61 ಮುಚ್ಚಿದರು. ಅಮೆರಿಕದಲ್ಲಿ ಮುಚ್ಚಿದವುಗಳಲ್ಲಿ ಸುಮಾರು ಶೇಕಡಾ 70 ಅಂಗಡಿಗಳು ಹಿಂದಿನ ಎರಡು ಮೂರು ವರ್ಷಗಳಲ್ಲಿ ಅವಸರಕ್ಕೆ ತೆರೆದವು. ಹಳೆಯ ಅಂಗಡಿಗಳು ಹೆಚ್ಚಿನವು ಉಳಿದುಕೊಂಡವು. ಅದೇ ವರ್ಷ ಫೆಬ್ರವರಿಯಲ್ಲಿ ಅವರು ಒಂದು ಸಂಜೆ 7,100 ಅಂಗಡಿಗಳ ಬಾಗಿಲು ಹಾಕಿ, ಕೆಲಸಗಾರರಿಗೆ ಎಸ್ಪ್ರೆಸ್ಸೋ ಸರಿಯಾಗಿ ಮಾಡುವುದನ್ನು ಮತ್ತೆ ಹೇಳಿಕೊಟ್ಟರು. ಮುಂದಿನ ವರ್ಷ ಮನೆಯಲ್ಲಿ ಮಾಡಿಕೊಳ್ಳುವ ಇನ್‌ಸ್ಟಂಟ್ ಪುಡಿಯನ್ನೂ ತಂದರು. 2010ರ ಹೊತ್ತಿಗೆ ಚೇತರಿಸಿಕೊಂಡರು. ನಮಗೆ ಕಂಡದ್ದು ಇಷ್ಟು: ಕೈಮೀರಿ ಹರಡಿಕೊಂಡದ್ದು ಹೊಡೆತ ಕೊಟ್ಟಿತು, ಕಪ್ಪಿನೊಳಗಿನ ಕಾಫಿಯ ಕಡೆ ಮತ್ತೆ ತಿರುಗಿದ್ದು ಕೈ ಹಿಡಿಯಿತು.

ನಮ್ಮ ಊರಿನದೇ ಕೆಫೆ ಕಾಫಿ ಡೇ ಇದೆಯಲ್ಲ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಶುರುವಾಯಿತು. ಚಿಕ್ಕಮಗಳೂರಿನ ಬೀಜಕ್ಕೆ ಕಾಲೇಜು ಹುಡುಗರನ್ನು ಹುಡುಕಿಕೊಟ್ಟ ಅಂಗಡಿ ಅದು, ಆ ಋಣ ನಮ್ಮಂಥ ಸಣ್ಣವರ ಮೇಲೂ ಇದೆ. ಒಂದು ಕಾಲಕ್ಕೆ ದೇಶದಲ್ಲಿ 1,700ರ ಆಸುಪಾಸು ಕೆಫೆಗಳಿದ್ದವು. 2024ರ ಹೊತ್ತಿಗೆ 450ರ ಹತ್ತಿರಕ್ಕೆ ಬಂತು. ಕಾಫಿ ಕೆಟ್ಟು ಹಾಗಾಗಲಿಲ್ಲ, ಸಾಲದ ಭಾರಕ್ಕೆ ಹಾಗಾಯಿತು. ಈಗ ಹೊಸ ಚೈನ್‌ಗಳು ರಸ್ತೆಗೊಂದರಂತೆ ತೆರೆಯುತ್ತಿರುವುದು ಹೂಡಿಕೆದಾರರ ದುಡ್ಡಿನಲ್ಲಿ. ಅವರಿಗೆ ಒಳ್ಳೆಯದಾಗಲಿ. ನಮ್ಮದು ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಅಕೌಂಟು. ಮ್ಯಾನೇಜರ್ ಫೋನ್ ಮಾಡಿದರೆ ನಾವೇ ಎತ್ತಬೇಕು.

ಇನ್ನೊಂದು ಉದಾಹರಣೆ ಹೇಳದೆ ಇರಲಾಗುವುದಿಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬ್ರೆಜಿಲ್‌ನವರು ಬೆಲೆ ಇಲ್ಲದೆ ಕಾಫಿಯನ್ನೇ ಸುಟ್ಟರು. ನಮ್ಮ ಬೆಳೆಗಾರರ ಮಾಲನ್ನೂ ಕೇಳುವವರಿರಲಿಲ್ಲ. ಹೊರಗೆ ಹೋಗದ ಬೀಜವನ್ನು ಇಲ್ಲೇ ಕುಡಿಸೋಣ ಅಂತ 1936ರಲ್ಲಿ ಮುಂಬೈಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದರು. 1957ರಲ್ಲಿ ಸರ್ಕಾರದ ಕಾಫಿ ಬೋರ್ಡ್ ಈ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ನಡೆಸಿದರು, ಬೆಂಗಳೂರಿನದು ಮೊದಮೊದಲ ಸಂಘಗಳಲ್ಲಿ ಒಂದು. 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಡಬೇಕಾಗಿ ಬಂದಾಗ ಚರ್ಚ್ ಸ್ಟ್ರೀಟಿಗೆ ಹೋದರು. ಕಾಫಿ ಕುಡಿಯುವವರೂ ಹಿಂದೆಯೇ ಹೋದರು.

ಈ ಸಲ ಮಾತ್ರ ಕಷ್ಟ ಎರಡು ಕಡೆಯಿಂದ. 2008ರ ಕೊನೆಯಲ್ಲಿ ಬೀಜದ ಬೆಲೆಯೂ ಇಳಿದಿತ್ತು. ಈಗ ಹಾಗಿಲ್ಲ. ಬ್ರೆಜಿಲ್‌ನಲ್ಲಿ ಬರ, ವಿಯೆಟ್ನಾಂನಲ್ಲೂ ಬರ ಬಂದು, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ಅರೇಬಿಕಾ ತಳಿಯ ಕಾಫಿ ಬೀಜ ಒಂದು ಪೌಂಡಿಗೆ 4 ಡಾಲರ್ ದಾಟಿತು. ಅಲ್ಲಿ ಏರಿದರೆ ಮೂಡಿಗೆರೆ, ಸಕಲೇಶಪುರ, ಮಡಿಕೇರಿಯಲ್ಲೂ ಏರುತ್ತದೆ. ಬೆಳೆಗಾರರಿಗೆ ಎಷ್ಟೋ ವರ್ಷಗಳ ಮೇಲೆ ಒಳ್ಳೆಯ ಬೆಲೆ ಸಿಕ್ಕಿದೆ, ಅದರ ಬಗ್ಗೆ ನಾವು ಗೊಣಗುವುದಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೂ ಲೀಟರಿಗೆ 4 ರೂಪಾಯಿ ಸೇರಿತು. ಮೇಲೆ ಬೀಜ ಏರಿದೆ, ಕೆಳಗೆ ಗ್ರಾಹಕರ ಜೇಬು ಇಳಿದಿದೆ, ನಡುವೆ ನಾವು.

ಇಂಥ ಹೊತ್ತಿನಲ್ಲಿ ಪುಡಿ ವ್ಯಾಪಾರದಲ್ಲಿ ಒಂದು ಸುಲಭದ ದಾರಿ ಇದೆ. ಕಾಫಿ ಪುಡಿಗೆ ಬೆರೆಸುವ ಚಿಕೋರಿ ಬೇರಿನ ಪುಡಿಯನ್ನು ಜಾಸ್ತಿ ಮಾಡುವುದು. ಮಿಶ್ರಣದಲ್ಲಿ ಕಾಫಿ ಶೇಕಡಾ 51 ಇದ್ದರೆ ಕಾನೂನಿಗೆ ಸಾಕು. ಡಿಕಾಕ್ಷನ್ ಇನ್ನೂ ಕಪ್ಪಗೆ, ಗಟ್ಟಿಯಾಗಿ ಕಾಣುತ್ತದೆ, ಮೊದಲ ಗುಟುಕಿಗೆ ಎಷ್ಟೋ ಜನಕ್ಕೆ ಗೊತ್ತೂ ಆಗುವುದಿಲ್ಲ. ಆದರೆ ಎರಡನೇ ಡಿಕಾಕ್ಷನ್ ಇಳಿಸಿ ನೋಡಿ. ಬಣ್ಣ ಇರುತ್ತದೆ, ಘಮ ಇರುವುದಿಲ್ಲ, ನಾಲಿಗೆಯ ಮೇಲೆ ಸುಟ್ಟ ಬೆಲ್ಲದಂಥ ಸಿಹಿ ಕೂತಿರುತ್ತದೆ. ಆ ದಾರಿಗೆ ನಾವು ಹೋಗುತ್ತಿಲ್ಲ. ನಮ್ಮ ಪುಡಿಯಲ್ಲಿ ಪ್ಲಾಂಟೇಷನ್ ಎ ಮತ್ತು ಪೀಬರಿ ಅನ್ನುವ ಎರಡು ದರ್ಜೆಯ ಬೀಜ, ನೂರಕ್ಕೆ ಇಪ್ಪತ್ತು ಚಿಕೋರಿ. ಚಿಕೋರಿ ಬೇಡ ಅನ್ನುವವರಿಗೆ ಬರೀ ಕಾಫಿ. ಪ್ಯಾಕೆಟ್ ಮೇಲೆ ಇರುವುದೇ ಒಳಗೂ ಇರುತ್ತದೆ. ಅದನ್ನು ಉಳಿಸಿಕೊಳ್ಳಲು ಮೇಲಿನ ಮಹಡಿಯ ಬಾಡಿಗೆ ಬಿಡಬೇಕಾಯಿತು. ಎರಡನ್ನೂ ಇಟ್ಟುಕೊಳ್ಳುವ ಲೆಕ್ಕ ಎಷ್ಟು ಸಲ ಹಾಕಿದರೂ ಕೂಡಲಿಲ್ಲ.

ನಿಂತು ಕುಡಿಯುವುದು ಈ ಊರಿಗೇನು ಹೊಸದಲ್ಲ, ದರ್ಶಿನಿಗಳು 80ರ ದಶಕದಲ್ಲೇ ರೂಢಿ ಮಾಡಿಸಿವೆ. ಆದರೂ ವಯಸ್ಸಾದವರಿಗೆ ಎರಡೂ ಅಂಗಡಿಗಳಲ್ಲಿ ಗೋಡೆಗೆ ಒಂದು ಬೆಂಚು ಹಾಕಿಸುತ್ತಿದ್ದೇವೆ. ಹುಡುಗರು ಅದರ ಮೇಲೆ ಬ್ಯಾಗ್ ಇಡಬೇಡಿ, ಪ್ಲೀಸ್.

ಫಿಲ್ಟರ್ ಕಾಫಿ 40 ರೂಪಾಯಿ, ಈಗಿನದೇ ಬೆಲೆ. ಬೈ ಟು ಎರಡೂ ಕಡೆ ಸಿಗುತ್ತದೆ, ಎರಡನೇ ಲೋಟಕ್ಕೆ ಕಾಸಿಲ್ಲ. ಕಪುಚಿನೋ ಇರುತ್ತದೆ, ಆದರೆ ಚಿಕ್ಕ ಕಪ್ಪಿನಲ್ಲಿ, 110 ರೂಪಾಯಿಗೆ. ಹೇಝಲ್‌ನಟ್, ಕ್ಯಾರಮೆಲ್, ಐಸ್ ಹಾಕಿದವು ಇರುವುದಿಲ್ಲ. ಕೆಲವರಿಗೆ ಬೇಜಾರಾಗುತ್ತದೆ, ಗೊತ್ತು. ಒಂದೇ ತೋಟದ ಬೀಜ ಹುರಿದು ನಿಧಾನವಾಗಿ ಸೋಸಿ ಕೊಡುವ ಕಾಫಿ ಇನ್ನು ಮಲ್ಲೇಶ್ವರದಲ್ಲಿ ಮಾತ್ರ, ಶನಿವಾರ ಮತ್ತು ಭಾನುವಾರ. ಅದರ ಬೆಲೆ ಇಳಿಸಿಲ್ಲ. ಅದನ್ನು ಕೇಳಿಕೊಂಡು ಬರುವವರು ಈಗಲೂ ಬರುತ್ತಿದ್ದಾರೆ, ಅವರು ಕುರ್ಚಿಯನ್ನು ಯಾವತ್ತೂ ಕೇಳಿದವರಲ್ಲ.

ಪುಡಿ ಇನ್ನು ಮುಂದೆ 100 ಗ್ರಾಂ ಪ್ಯಾಕೆಟ್ಟಿನಲ್ಲೂ ಸಿಗುತ್ತದೆ. ಕೇಜಿ ಲೆಕ್ಕದಲ್ಲಿ ಬೆಲೆ ಒಂದೇ, ಚಿಕ್ಕ ಪ್ಯಾಕೆಟ್ ಅಂತ ಜಾಸ್ತಿ ಹಾಕಿಲ್ಲ. ವಾರಕ್ಕೆ ಬೇಕಾದಷ್ಟೇ ಒಯ್ಯಿರಿ, ಹೊಸದಾಗಿ ಬೀಸಿದ್ದು ಚೆನ್ನಾಗಿಯೂ ಇರುತ್ತದೆ.

ಮೇಲಿನ ಮಹಡಿಯಲ್ಲಿದ್ದ ಹುಡುಗ ಹುಡುಗಿಯರು ಎಲ್ಲಿ ಹೋಗುತ್ತಾರೆ ಅಂತ ತುಂಬ ಜನ ಕೇಳಿದ್ದೀರಿ. ಯಾರನ್ನೂ ತೆಗೆದಿಲ್ಲ. ಕೆಲವರು ಹುರಿಯುವ ಮನೆಗೆ, ಉಳಿದವರು ಕೆಳಗಿನ ಕೌಂಟರಿಗೆ.

ನಿಮ್ಮ ಪ್ರೀಪೇಯ್ಡ್ ಕಾರ್ಡಿನಲ್ಲಿ ದುಡ್ಡು ಉಳಿದಿದ್ದರೆ ಮೂರೂ ಅಂಗಡಿಗಳಲ್ಲಿ ಕಾಫಿಗೆ, ಪುಡಿಗೆ ಬಳಸಬಹುದು. ವಾಪಸ್ ಬೇಕಿದ್ದರೆ ಕಾರ್ಡ್ ತೋರಿಸಿ, ಅಲ್ಲೇ ಕೊಡುತ್ತಾರೆ. ಹುಟ್ಟುಹಬ್ಬಕ್ಕೆ ಮೇಲಿನ ಮಹಡಿ ಬುಕ್ ಮಾಡಿದವರಿಗೆ ಮುಂಗಡ ಪೂರ್ತಿ ವಾಪಸ್. ಈ ತಿಂಗಳ ಕೊನೆಯ ಎರಡು ದಿನ ಜಯನಗರದ ಅಂಗಡಿಯಲ್ಲಿ ಸೋಫಾ, ಮೇಜುಗಳ ಮಾರಾಟ ಇದೆ. ಮೊದಲು ಬಂದವರಿಗೆ ಮೊದಲು, ಸಾಗಾಟ ನಿಮ್ಮದೇ.

ಇಂತಿ,
ನಿಮ್ಮ ಕಾಫಿ ಅಂಗಡಿಯವರು