ಬದುಕಿರುವ ಮೀನನ್ನೂ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಕೆರೆಯಲ್ಲಿ ಮೀನು ಸತ್ತು ತೇಲಿದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತಾಗಲೂ ಬಂದಿತ್ತು. ಇಂಥ ಸಾವಿಗೆ ಹೆಚ್ಚಾಗಿ ನೀರಿನಲ್ಲಿ ಆಮ್ಲಜನಕ ಕುಸಿಯುವುದೇ ಕಾರಣ. ಆದರೆ ಸತ್ತು ನಾರುವ ಮೀನನ್ನು ಯಾರು ಕೊಳ್ಳುತ್ತಾರೆ? ನನ್ನ ಚಿಂತೆ ಇರುವುದು ಸಾಯದೆ, ಚೆನ್ನಾಗಿ ಬೆಳೆದು ತಟ್ಟೆಗೆ ಬರುವ ಮೀನಿನದು.

ನಮ್ಮ ಕಡೆ ಭಾನುವಾರ ಬೆಳಿಗ್ಗೆ ಕೆರೆ ಏರಿ ಮೇಲೆ ಮೀನು ಮಾರುತ್ತಾರೆ. ಕಾಟ್ಲಾ, ರೋಹು, ಜಿಲೇಬಿ. ಆಗಷ್ಟೇ ಬಲೆಯಿಂದ ಬಿಡಿಸಿದ್ದು, ಕಿವಿರು ಇನ್ನೂ ಕೆಂಪಗಿರುತ್ತದೆ. ಮಾರ್ಕೆಟ್ಟಿಗಿಂತ ಬೆಲೆಯೂ ಕಡಿಮೆ. ಕಟ್ಟಡ ಕೆಲಸದವರು, ಮನೆಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಹೆಚ್ಚಾಗಿ ಇಲ್ಲೇ ಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಜಿಲೇಬಿ ಸಾರು ಎಲ್ಲರಿಗೂ ಇಷ್ಟ. ಈಗ ಸೊಸೆ ಬಸುರಿ. ಈ ಮೀನು ಅವಳಿಗೆ ಕೊಡಬಹುದಾ ಎಂದು ಒಂದು ಕಚೇರಿಯಲ್ಲಿ ವಿಚಾರಿಸಿದೆ. ‘ನೀರು ಟೆಸ್ಟ್ ಆಗಿದೆ, ಡಿ ದರ್ಜೆ ಬಂದಿದೆ, ಮೀನಿಗೆ ತೊಂದರೆ ಇಲ್ಲ’ ಎಂದರು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವಿಂಗಡಣೆಯಲ್ಲಿ ಡಿ ದರ್ಜೆ ಎಂದರೆ ವನ್ಯಜೀವಿಗಳಿಗೆ ಮತ್ತು ಮೀನುಗಾರಿಕೆಗೆ ಆಗುವ ನೀರು. ಅದಕ್ಕೆ ನೋಡುವುದು ಮೂರೇ ಅಂಶ: ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) 6.5ರಿಂದ 8.5ರೊಳಗೆ ಇರಬೇಕು, ಲೀಟರಿಗೆ 4 ಮಿಲಿಗ್ರಾಂ ಆದರೂ ಆಮ್ಲಜನಕ ಕರಗಿರಬೇಕು, ಅಮೋನಿಯಾ 1.2 ಮಿಲಿಗ್ರಾಂ ಮೀರಬಾರದು. ಮೀನು ಬದುಕುತ್ತದೆಯೇ ಎಂದು ತಿಳಿಯಲು ಇಷ್ಟು ಸಾಕು. ಅದನ್ನು ತಿನ್ನುವವರ ಬಗ್ಗೆ ಇದು ಏನನ್ನೂ ಹೇಳುವುದಿಲ್ಲ. ಸೀಸ, ಕ್ಯಾಡ್ಮಿಯಂ, ಪಾದರಸದಂಥ ವಿಷಲೋಹಗಳ ಹೆಸರೇ ಆ ಪಟ್ಟಿಯಲ್ಲಿಲ್ಲ!

ಇವು ಕೊಳೆತು ಕರಗಿ ಹೋಗುವ ವಸ್ತುಗಳಲ್ಲ. ಲೋಹದ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನ ನೀರು, ಹಳೆ ಬ್ಯಾಟರಿ ಒಡೆಯುವ ಜಾಗದ ಕೊಳೆ, ಗಣೇಶನ ಮೂರ್ತಿಗೆ ಬಳಿದ ಬಣ್ಣ, ಇವುಗಳಿಂದ ಬಂದದ್ದು ಕೆರೆಯ ಹೂಳಿನಲ್ಲಿ ಕೂರುತ್ತದೆ. ಹೂಳಿನ ಹುಳು ತಿಂದ ಮೀನಿನ ಮೈ ಸೇರುತ್ತದೆ. ಕೊಳಚೆ ನೀರಿನ ಶುದ್ಧೀಕರಣ ಘಟಕಗಳನ್ನು ಕಟ್ಟಿರುವುದೂ ಲೋಹ ತೆಗೆಯಲು ಅಲ್ಲ. ಇನ್ನು ಅಡುಗೆಮನೆಯಲ್ಲಿ ನಾವು ಮಾಡುವಂಥದ್ದೇನೂ ಇಲ್ಲ. ಉಪ್ಪು ಅರಿಶಿನ ಹಾಕಿ ಎಷ್ಟು ತೊಳೆದರೂ, ಹುಣಸೆಹುಳಿಯಲ್ಲಿ ಎಷ್ಟು ಕುದಿಸಿದರೂ ಪಾದರಸ ಹೋಗುವುದಿಲ್ಲ, ಅದು ಮಾಂಸದಲ್ಲೇ ಸೇರಿಕೊಂಡಿರುತ್ತದೆ. ತಾಯಿಯಿಂದ ಹೊಟ್ಟೆಯ ಮಗುವಿಗೂ ದಾಟುತ್ತದೆ. ಜಪಾನಿನ ಮಿನಾಮಾಟದಲ್ಲಿ ಪಾದರಸದ ಮೀನು ತಿಂದ ತಾಯಂದಿರಲ್ಲಿ ಕೆಲವರು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇದ್ದರು, ಹುಟ್ಟಿದ ಮಕ್ಕಳಿಗೆ ಮಿದುಳಿನ ಹಾನಿಯಾಗಿತ್ತು.

ನನ್ನ ಮಗಳು ಅಮೆರಿಕದ ಮಿಷಿಗನ್‌ನಲ್ಲಿದ್ದಾಳೆ. ಅಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ಪಿಸಿಬಿ ಎಂಬ ರಾಸಾಯನಿಕವನ್ನು 1979ರಲ್ಲೇ ನಿಷೇಧಿಸಿದರು. ದೊಡ್ಡ ಸರೋವರಗಳ ಮೀನಿನಲ್ಲಿ ಅದು ಇವತ್ತಿಗೂ ಸಿಗುತ್ತದೆ. ಅದಕ್ಕೇ ರಾಜ್ಯದ ಆರೋಗ್ಯ ಇಲಾಖೆ ಮೀನನ್ನೇ ಪರೀಕ್ಷೆ ಮಾಡಿಸಿ, ಯಾವ ಕೆರೆಯ ಯಾವ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಎಂದು ಕೈಪಿಡಿ ಹೊರಡಿಸುತ್ತದೆ. ಬಸುರಿಯರಿಗೆ, ಮಕ್ಕಳಿಗೆ ಬೇರೆಯೇ ಸೂಚನೆ ಇರುತ್ತದಂತೆ.

ನಮ್ಮಲ್ಲೂ ಇದು ಆಗದ ಕೆಲಸವೇನಲ್ಲ. ಮೀನಿನಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ ಎಷ್ಟಿರಬಹುದು ಎಂಬ ಮಿತಿಯನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಈಗಾಗಲೇ ಗೊತ್ತು ಮಾಡಿದೆ. ಮೀನು ಹಿಡಿಯಲು ಟೆಂಡರ್ ಕರೆಯುವ ಪ್ರತಿ ಕೆರೆಯಲ್ಲಿ ಮೊದಲು ಮೀನು ಮತ್ತು ಹೂಳಿನ ಪರೀಕ್ಷೆ ಆಗಲಿ. ಫಲಿತಾಂಶವನ್ನು ಸುಮ್ನೆ ವೆಬ್‌ಸೈಟಿನಲ್ಲಿ ಹಾಕಿ ಕೈತೊಳೆದುಕೊಂಡರೆ ಸಾಲದು. ಮೀನು ಮಾರುವ ಏರಿ ಮೇಲೆಯೇ ದೊಡ್ಡ ಅಕ್ಷರದ ಬೋರ್ಡು ಹಾಕಬೇಕು. ಕನ್ನಡದ ಜತೆಗೆ ಅಲ್ಲಿ ಕೊಳ್ಳಲು ಬರುವವರ ಭಾಷೆಗಳಲ್ಲೂ ಇರಲಿ.

ಬಲೆ ಹಾಕುವವರ ಹೊಟ್ಟೆ ಮೇಲೆ ಹೊಡೆಯಿರಿ ಎಂದು ನಾನು ಹೇಳುತ್ತಿಲ್ಲ. ಅವರು ಸಾಲ ಮಾಡಿ ಮರಿ ಬಿಟ್ಟಿರುತ್ತಾರೆ. ವಿಷ ಹರಿಯಬಿಟ್ಟವರು ಅವರಲ್ಲ. ಪರೀಕ್ಷೆಯಲ್ಲಿ ಫೇಲಾದ ಕೆರೆಯಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿದರೆ, ಅವರ ಟೆಂಡರ್ ಹಣವನ್ನೂ ಮರಿಗೆ ಹಾಕಿದ ದುಡ್ಡನ್ನೂ ವಾಪಸ್ ಕೊಡಬೇಕು. ಅದನ್ನು ರಾಜಕಾಲುವೆಗೆ ಕೊಳಕು ಬಿಟ್ಟವರಿಂದ ವಸೂಲಿ ಮಾಡಬೇಕು.

– ಒಬ್ಬ ಓದುಗಿ, ಬೆಂಗಳೂರು ಪೂರ್ವ