ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ತಾಳಮದ್ದಲೆಯ ಕ್ಯಾಸೆಟ್ಟು, ಬಯಲಾಟದ ವಿಎಚ್‌ಎಸ್ ಟೇಪು, ಮದುವೆ-ಉಪನಯನದ ಡಿವಿಡಿಗಳು ಮಳೆಗಾಲಕ್ಕೊಮ್ಮೆ ಬೂಷ್ಟು ಹಿಡಿಯುತ್ತಿವೆ. ಯಕ್ಷಗಾನ ಕಲಾವಿದರಾದ ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರು. ಅಂಥವರ ಆಟವನ್ನು ಊರ ಮನೆಯವರು ಹಿಡಿದಿಟ್ಟ ಟೇಪು ಹಾಳಾದರೆ ಮತ್ತೆ ಮುದ್ರಿಸಿಕೊಳ್ಳುವ ದಾರಿಯೇ ಇಲ್ಲ. ಇತ್ತ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಗಟ್ಟಿಮುಟ್ಟಾದ ಕಂಪ್ಯೂಟರುಗಳು ಗುಜರಿ ಸೇರುತ್ತಿವೆ. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು, ಒಂದೆರಡು ಅಪವಾದ ಬಿಟ್ಟರೆ, ವಿಂಡೋಸ್ 11 ಒಪ್ಪುವುದಿಲ್ಲ ಎಂಬುದೇ ಕಾರಣ. ಆದರೆ ಆರನೇ, ಏಳನೇ ತಲೆಮಾರಿನ ಆ ಯಂತ್ರಗಳೇ ಮನೆಯ ಮಾಧ್ಯಮ ಕೇಂದ್ರಕ್ಕೆ ಹೇಳಿ ಮಾಡಿಸಿದಂಥವು. ಅವುಗಳಿಗೆ ಬೇಕಾದ ತಂತ್ರಾಂಶ ಉಚಿತ, ಅದರ ಮೂಲಸಂಕೇತವೂ ಎಲ್ಲರಿಗೂ ಮುಕ್ತ. ಕಪಾಟಿನ ಟೇಪುಗಳನ್ನು ಈ ಕಂಪ್ಯೂಟರಿಗೆ ಇಳಿಸಿ, ಮನೆಯ ಟಿವಿಯಲ್ಲಿ ನೋಡುವಂತೆ ಮಾಡುವ ಕ್ರಮವನ್ನು ಓದುಗರ ಮುಂದಿಡುವುದು ಈ ಪತ್ರದ ಉದ್ದೇಶ.

ಮೊದಲಿಗೆ ಒಂದು ಎಚ್ಚರಿಕೆ. ‘ಎಲ್ಲ ಸಿನಿಮಾ, ಎಲ್ಲ ಚಾನೆಲ್ ಪುಕ್ಕಟೆ’ ಎಂದು ಮಾರುವ ಅಗ್ಗದ ಆಂಡ್ರಾಯ್ಡ್ ಡಬ್ಬಿಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಕೆಲವು ಕಾರ್ಖಾನೆಯಿಂದಲೇ ಕುತಂತ್ರಾಂಶ ಹೊತ್ತು ಬಂದಿದ್ದು ಈಗಾಗಲೇ ಬಯಲಾಗಿದೆ. ಅಂಥ ಡಬ್ಬಿ ಮನೆಯ ವೈಫೈಗೆ ಸೇರಿತೆಂದರೆ ಬ್ಯಾಂಕಿನ ಆ್ಯಪ್ ಇರುವ ಫೋನಿನ ಪಕ್ಕದಲ್ಲೇ ಕಳ್ಳನನ್ನು ಕೂರಿಸಿದ ಹಾಗೆ. ಇವನ್ನು ‘ಕೋಡಿ ಬಾಕ್ಸ್’ ಎಂದು ಮಾರುವುದರಿಂದ ಕೋಡಿ ಎಂಬ ಒಳ್ಳೆಯ ತಂತ್ರಾಂಶಕ್ಕೂ ಕೆಟ್ಟ ಹೆಸರು ಬಂದಿದೆ. ಕೋಡಿ ತಾನಾಗಿ ಯಾವ ಸಿನಿಮಾವನ್ನೂ ಕೊಡುವುದಿಲ್ಲ, ನಮ್ಮ ಹತ್ತಿರ ಇರುವುದನ್ನು ಟಿವಿಗೆ ತಕ್ಕಂತೆ ಜೋಡಿಸಿ ತೋರಿಸುತ್ತದೆ, ಅಷ್ಟೇ.

ಏರ್ಪಾಡು ಎರಡು ಬಗೆ. ಒಂದೇ ಟಿವಿ ಇದ್ದು, ಕಂಪ್ಯೂಟರನ್ನು ಅದರ ಪಕ್ಕದಲ್ಲೇ ಇಡಬಹುದಾದರೆ ಕೋಡಿ ಸಾಕು; ಎಚ್‌ಡಿಎಂಐ ಕೇಬಲ್ ಹಾಕಿದರೆ ಆಯಿತು. ಮನೆಯ ಎರಡು-ಮೂರು ಟಿವಿ, ಫೋನುಗಳಲ್ಲೂ ನೋಡಬೇಕೆಂದರೆ ಜೆಲ್ಲಿಫಿನ್ ಬೇಕು. 2018ರ ಕೊನೆಗೆ ಎಂಬಿ (Emby) ಎಂಬ ತಂತ್ರಾಂಶದ ಮೂಲಸಂಕೇತಕ್ಕೆ ಬೀಗ ಬಿದ್ದಾಗ, ಅದರಿಂದ ಕವಲೊಡೆದು ಬೆಳೆದದ್ದು ಇದು. ಒಂದು ಕಂಪ್ಯೂಟರಿನಲ್ಲಿ ಕೂರುತ್ತದೆ, ಉಳಿದ ಪರದೆಗಳಿಗೆ ಬಡಿಸುತ್ತದೆ. ಇಂಟರ್ನೆಟ್ ಹೋದರೂ ಮನೆಯೊಳಗಿನ ರೂಟರ್ ಓಡುತ್ತಿದ್ದರೆ ಸಾಕು, ಆಟ ನಿಲ್ಲದು. ಮರ ಬಿದ್ದು ಕೇಬಲ್ ಹರಿದು ದಿನಗಟ್ಟಲೆ ನೆಟ್ ಇಲ್ಲದ ಘಟ್ಟದ ಮೇಲಿನ ಹಳ್ಳಿಗಳಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಅದರ ಬ್ಯಾಟರಿಯೇ ಯುಪಿಎಸ್. ಬ್ಯಾಟರಿ ಉಬ್ಬಿದ್ದರೆ ಮಾತ್ರ ತಕ್ಷಣ ತೆಗೆಸಿ. 4 ಜಿಬಿ ರ‍್ಯಾಮ್ ಸಾಕು, 8 ಇದ್ದರೆ ನೆಮ್ಮದಿ. ವಿಂಡೋಸ್ ಅಳಿಸುವ ಮೊದಲು ಅದರಲ್ಲಿರುವ ಫೋಟೊ, ಕಾಗದಪತ್ರಗಳನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಆಮೇಲೆ ಅದರ ಜಾಗಕ್ಕೆ ಡೆಬಿಯನ್ 13 ಎಂಬ ಉಚಿತ ಲಿನಕ್ಸ್ ಹಾಕಿ. ಮುಚ್ಚಳ ಮುಚ್ಚಿದರೆ ನಿದ್ದೆಗೆ ಜಾರದಂತೆ ಸೆಟ್ಟಿಂಗ್ ಬದಲಿಸಿ. ಡೆಸ್ಕ್‌ಟಾಪ್ ಆದರೆ, ಕರೆಂಟು ಬಂದ ಕೂಡಲೇ ತಾನೇ ಶುರುವಾಗುವ ಆಯ್ಕೆ ಬಯಾಸ್ ಎಂಬ ಮೂಲ ಸೆಟ್ಟಿಂಗ್‌ನಲ್ಲಿರುತ್ತದೆ, ಅದನ್ನು ಆನ್ ಮಾಡಿ. ಹದಿನೈದು ವ್ಯಾಟ್ ಎಳೆಯುವ ಲ್ಯಾಪ್‌ಟಾಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 11 ಯುನಿಟ್. ಹೊಸದಾಗಿ ಕೊಳ್ಳುವವರು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ತಂದು ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್ ಹಾಕಿದರೆ ಕೋಡಿ ಸಿದ್ಧವಾಗಿಯೇ ಬರುತ್ತದೆ. ಅದಕ್ಕೆ 5 ವೋಲ್ಟ್, 3 ಆಂಪಿಯರ್‌ನ ಸರಿಯಾದ ಅಡಾಪ್ಟರನ್ನೇ ಕೊಡಿ. ಮೊಬೈಲ್ ಚಾರ್ಜರ್ ಹಾಕಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ, ಹಾರ್ಡ್‌ಡಿಸ್ಕ್ ಮಧ್ಯದಲ್ಲೇ ಕಳಚಿಕೊಳ್ಳುತ್ತದೆ.

ಜೆಲ್ಲಿಫಿನ್ ಹಾಕಿದವರಿಗೆ ಎದುರಾಗುವ ಮೊದಲ ತೊಂದರೆ ಖಾಲಿ ಲೈಬ್ರರಿ. ಡಿಸ್ಕಿನಲ್ಲಿ ನೂರಾರು ವಿಡಿಯೊ ಇರುತ್ತವೆ, ಪರದೆಯಲ್ಲಿ ಒಂದೂ ಕಾಣದು. ಜೆಲ್ಲಿಫಿನ್ ತನ್ನದೇ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ನೀವು ಚುಚ್ಚಿದ ಯುಎಸ್‌ಬಿ ಡಿಸ್ಕ್ ನಿಮ್ಮ ಹೆಸರಿಗೆ ಮಾತ್ರ ತೆರೆದುಕೊಂಡಿರುತ್ತದೆ. ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಯುವುದರಿಂದ ಡಿಸ್ಕಿನಲ್ಲಿರುವುದನ್ನು ಮೊದಲು ಬೇರೆಡೆ ತೆಗೆದಿಡಿ. ಆಮೇಲೆ ಡಿಸ್ಕನ್ನು ಎಕ್ಸ್‌ಟಿ4 ಎಂಬ ಲಿನಕ್ಸ್ ರೂಪಕ್ಕೆ ಫಾರ್ಮ್ಯಾಟ್ ಮಾಡಿ, ಡಿಸ್ಕುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಅದರ ಯುಯುಐಡಿ (ಗುರುತಿನ ಸಂಖ್ಯೆ) ಬರೆದು ಒಂದು ಖಾಯಂ ಜಾಗ ಕೊಡಿ, ಜೆಲ್ಲಿಫಿನ್ ಬಳಕೆದಾರನಿಗೆ ಓದುವ ಅನುಮತಿ ಕೊಡಿ. ಅದೇ ಸಾಲಿಗೆ ‘ನೋಫೇಲ್’ ಆಯ್ಕೆ ಸೇರಿಸಲು ಮರೆಯಬೇಡಿ. ಅದಿಲ್ಲದಿದ್ದರೆ, ಡಿಸ್ಕಿನ ವೈರ್ ಸಡಿಲವಾದ ದಿನ ಇಡೀ ಕಂಪ್ಯೂಟರೇ ಶುರುವಾಗದೆ ತುರ್ತು ಪರದೆಯಲ್ಲಿ ನಿಂತುಬಿಡುತ್ತದೆ. ಮನೆಯಲ್ಲಿ ಹಿರಿಯರಷ್ಟೇ ಇದ್ದರೆ ಬಿಡಿಸುವವರು ಯಾರು?

ಎರಡನೆಯ ದೂರು, ವಿಡಿಯೊ ತಡೆತಡೆದು ಓಡುವುದು. ಬಹಳ ಮಂದಿ ನೆಟ್ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ ತೆರೆದು ನೋಡಿ: ‘ಡೈರೆಕ್ಟ್ ಪ್ಲೇ’ ಎಂದಿದ್ದರೆ ಕಡತ ಇದ್ದ ಹಾಗೇ ಹೋಗುತ್ತಿದೆ. ‘ಟ್ರಾನ್ಸ್‌ಕೋಡ್’ ಎಂದಿದ್ದರೆ, ಆ ಟಿವಿಗೆ ಅರ್ಥವಾಗದ ರೂಪದಲ್ಲಿರುವ ವಿಡಿಯೊವನ್ನು ಕಂಪ್ಯೂಟರ್ ಅಲ್ಲಿಂದಲ್ಲಿಗೇ ಹೊಸದಾಗಿ ಕಟ್ಟುತ್ತಿದೆ, ಹಳೆಯ ಪ್ರೊಸೆಸರ್ ಏದುಸಿರು ಬಿಡುತ್ತಿದೆ. ಇಂಟೆಲ್ ಚಿಪ್‌ನಲ್ಲಿ ವಿಡಿಯೊ ಕೆಲಸಕ್ಕೆಂದೇ ಇರುವ ಕ್ವಿಕ್ ಸಿಂಕ್ ಆನ್ ಮಾಡಿ, ಅದನ್ನು ಬಳಸುವ ಅನುಮತಿಯುಳ್ಳ ‘ರೆಂಡರ್’ ಗುಂಪಿಗೆ ಜೆಲ್ಲಿಫಿನ್ ಬಳಕೆದಾರನನ್ನು ಸೇರಿಸಿದರೆ ಈ ಭಾರ ಇಳಿಯುತ್ತದೆ. ಎಚ್.265 ಎಂಬ ಹೊಸ ಬಗೆಯ ವಿಡಿಯೊ ಕಡತಗಳನ್ನು ಆರನೇ ತಲೆಮಾರಿನ ಚಿಪ್ 8 ಬಿಟ್ ಬಣ್ಣದವರೆಗೆ ನಿಭಾಯಿಸುತ್ತದೆ, 10 ಬಿಟ್‌ಗೆ ಏಳನೆಯದೇ ಬೇಕು. ಮನೆಯ ಟೇಪುಗಳನ್ನು ಮೊದಲೇ ಎಚ್.264 ವಿಡಿಯೊ, ಎಎಸಿ ಧ್ವನಿಯಲ್ಲಿ ಇಟ್ಟುಕೊಂಡರೆ ಈ ಗೋಜೇ ಇಲ್ಲ, ಹೆಚ್ಚುಕಡಿಮೆ ಯಾವ ಟಿವಿಯಾದರೂ ನುಂಗುತ್ತದೆ.

ಇನ್ನು ನಿಜವಾಗಿ ತಾಳ್ಮೆ ಬೇಡುವ ಕೆಲಸ, ಟೇಪಿನಿಂದ ಇಳಿಸಿಕೊಳ್ಳುವುದು. ಕ್ಯಾಸೆಟ್ಟನ್ನು ಹಾಕುವ ಮೊದಲು ಪ್ಲೇಯರಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ವರ್ಷಗಟ್ಟಲೆ ಬಿದ್ದಿದ್ದ ಟೇಪನ್ನು ಒಮ್ಮೆ ಪೂರ್ತಿ ಮುಂದೆ ಓಡಿಸಿ ಹಿಂದೆ ಸುತ್ತಿ. ಸುರುಳಿಯ ಬಿಗಿ ಸಮನಾಗುತ್ತದೆ, ವೇಗ ಏರಿಳಿಯದು. ಬಿಳಿ ಬೂಷ್ಟು ಕಾಣುವ ವಿಎಚ್‌ಎಸ್ ಟೇಪನ್ನು ಮಾತ್ರ ಯಾವ ಕಾರಣಕ್ಕೂ ಹಾಗೇ ವಿಸಿಆರ್‌ಗೆ ತುರುಕಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿ, ಮುಂದಿನ ಟೇಪಿಗೂ ದಾಟುತ್ತದೆ. ಅಂಥವನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಒಣಗಿಸಿಟ್ಟು, ಸ್ವಚ್ಛ ಮಾಡಬಲ್ಲವರ ಕೈಗೆ ಕೊಡಿ.

ಧ್ವನಿಗೆ ಆಡಾಸಿಟಿ ಎಂಬ ಮುಕ್ತ ತಂತ್ರಾಂಶ ಸಾಕು. ಲ್ಯಾಪ್‌ಟಾಪಿನ ಒಂಟಿ ಜಾಕಿಗೆ ಪ್ಲೇಯರ್ ಜೋಡಿಸಬೇಡಿ. ಹೆಚ್ಚಿನವುಗಳಲ್ಲಿ ಅದು ಮೈಕಿನ ದಾರಿ, ಧ್ವನಿ ಮೋನೊ ಆಗಿ ಒಡೆದು ಬರುತ್ತದೆ. ಸ್ಟೀರಿಯೊ ಲೈನ್-ಇನ್ ಇರುವ ಯುಎಸ್‌ಬಿ ಅಡಾಪ್ಟರ್ ತೆಗೆದುಕೊಳ್ಳಿ. ಮಟ್ಟ ಹೊಂದಿಸುವಾಗ ಭಾಗವತಿಕೆಯನ್ನು ಕೇಳಿ ಹೊಂದಿಸಿದರೆ ತಪ್ಪುತ್ತೀರಿ. ಟೇಪನ್ನು ಮುಂದೋಡಿಸಿ, ಚಂಡೆ ಬಿರುಸಾಗಿ ಬೀಳುವ ಯುದ್ಧದ ಭಾಗ ಹುಡುಕಿ, ಅಲ್ಲಿಯ ಪೆಟ್ಟು ಮೈನಸ್ 6 ಡೆಸಿಬೆಲ್ ದಾಟದಂತೆ ನಿಲ್ಲಿಸಿ. ಚಂಡೆಯ ಪೆಟ್ಟಿನ ತುದಿ ಒಮ್ಮೆ ಕತ್ತರಿಸಿ ಹೋದರೆ ಯಾವ ತಂತ್ರಾಂಶವೂ ಅದನ್ನು ಇದ್ದ ಹಾಗೆ ಮರಳಿ ತರದು. ಗುಂಯ್ ಎಂಬ ಸದ್ದು ಬರುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಎರಡು ಉಪಕರಣಗಳ ಅರ್ಥಿಂಗ್ ನಡುವೆ ಸುತ್ತುವ 50 ಹರ್ಟ್ಸ್‌ನ ಸದ್ದು ಹೆಚ್ಚಾಗಿ ಅಷ್ಟಕ್ಕೇ ನಿಲ್ಲುತ್ತದೆ. 60 ನಿಮಿಷದ ಕ್ಯಾಸೆಟ್ಟು 44.1 ಕಿಲೊಹರ್ಟ್ಸ್, 16 ಬಿಟ್‌ನಲ್ಲಿ ಸುಮಾರು 630 ಎಂಬಿ ಆಗುತ್ತದೆ. ಫ್ಲ್ಯಾಕ್ ರೂಪದಲ್ಲಿ ಉಳಿಸಿದರೆ ಗುಣ ಕೆಡದೆ ಅರ್ಧಕ್ಕೆ ಹತ್ತಿರ ಬರುತ್ತದೆ. ಈ ಮೂಲಪ್ರತಿಗೆ ಗದ್ದಲ ತೆಗೆಯುವ ಸಾಧನ ಹಚ್ಚಲೇಬೇಡಿ. ಹಿಸ್ಸೆನ್ನುವ ಸದ್ದಿನ ಜೊತೆ ತಾಳದ ನಾದವೂ ನೀರು ನೀರಾಗುತ್ತದೆ. ಬೇಕಿದ್ದರೆ ನಕಲಿಗೆ ಮಾಡಿ ನೋಡಿ.

ವಿಎಚ್‌ಎಸ್‌ಗೆ ಹಳದಿ, ಬಿಳಿ, ಕೆಂಪು ತಂತಿಗಳ ಯುಎಸ್‌ಬಿ ಕ್ಯಾಪ್ಚರ್ ಸಾಧನ ಮತ್ತು ಚಿತ್ರವನ್ನು ಮುದ್ರಿಸಿಕೊಳ್ಳುವ ಒಬಿಎಸ್ ಸ್ಟುಡಿಯೊ ಎಂಬ ತಂತ್ರಾಂಶ ಬೇಕು. ಕರಾವಳಿಯ ಉಪ್ಪುಗಾಳಿಗೆ ಆ ತಂತಿಗಳ ತುದಿ ಹಸಿರುಗಟ್ಟಿರುತ್ತದೆ, ಮೊದಲು ಅದನ್ನು ಒರೆಸಿ. ಚಿತ್ರ ಹಾರುವುದು ಎಷ್ಟೋ ಸಲ ಟೇಪಿನ ದೋಷವಲ್ಲ. ಸಾಧನದ ಸೆಟ್ಟಿಂಗ್ ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನಲ್ಲಿರಲಿ. ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿದ್ದರೆ ಬಣ್ಣ ಹೋಗುತ್ತದೆ ಅಥವಾ ಚಿತ್ರ ಉರುಳುತ್ತದೆ. ಒಬಿಎಸ್ ತಾನಾಗಿ ದೊಡ್ಡ ಎಚ್‌ಡಿ ಚೌಕಟ್ಟು ಇಟ್ಟುಕೊಂಡಿರುತ್ತದೆ. ಅದನ್ನು 768×576ಕ್ಕೆ ಇಳಿಸಿ, ಸೆಕೆಂಡಿಗೆ 50 ಫ್ರೇಮ್ ಮಾಡಿ, ಹೆಣೆದ ಗೆರೆಗಳನ್ನು ಬಿಡಿಸುವ ಡಿಇಂಟರ್‌ಲೇಸಿಂಗ್‌ನಲ್ಲಿ ‘ಯಾಡಿಫ್ 2ಎಕ್ಸ್’ ಆರಿಸಿ. ಈ ಹಂತವೇ ಯಕ್ಷಗಾನಕ್ಕೆ ಮುಖ್ಯ. ಟೇಪಿನ ಒಂದೊಂದು ಫ್ರೇಮಿನಲ್ಲೂ ಎರಡು ಬೇರೆ ಬೇರೆ ಕ್ಷಣಗಳ ಗೆರೆಗಳು ಹೆಣೆದುಕೊಂಡಿರುತ್ತವೆ. ಅವನ್ನು ಬಿಡಿಸದೆ ಚಿತ್ರವನ್ನು ಹಿಗ್ಗಿಸಿದರೆ ಗೆರೆಗಳು ಕಲಸಿಹೋಗಿ, ಮಂಡಿ ಕುಣಿತದಲ್ಲಿ ವೇಷ ತಿರುಗಿದಾಗಲೆಲ್ಲ ಅಂಚು ಹರಿದಂತೆ ಕಾಣುತ್ತದೆ. ಆಮೇಲೆ ಸರಿಪಡಿಸುವುದೂ ಸಾಧ್ಯವಿಲ್ಲ. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಉಳಿಸಿದರೆ ಗಂಟೆಗೆ 1.8 ಜಿಬಿ ಆಗುತ್ತದೆ. 1 ಟಿಬಿ ಡಿಸ್ಕಿನಲ್ಲಿ 550 ಗಂಟೆ ಹಿಡಿಯುತ್ತದೆ ಎಂದರೆ ಒಂದು ಸೀಮೆಯ ಆಟಗಳೇ ಅದರಲ್ಲಿ ಕೂತಾವು. ಗೀರು ಬಿದ್ದ ಡಿವಿಡಿಗಳನ್ನು ಮೊದಲು ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡಿಯಾಗಿ ನಕಲು ಮಾಡಿಕೊಂಡು, ಆ ನಕಲಿನಿಂದ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ವಿಡಿಯೊ ಕಡತಕ್ಕೆ ಪರಿವರ್ತಿಸಿ.

ಹೆಸರಿಡುವಾಗ ಪ್ರಸಂಗ, ಸ್ಥಳ, ವರ್ಷ ಇಷ್ಟನ್ನೇ ಇಡಿ. ಎಕ್ಸ್‌ಟಿ4ನಲ್ಲಿ ಕಡತದ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಒತ್ತಕ್ಷರವೊಂದಕ್ಕೇ 9 ಆಗುತ್ತದೆ. ಹಿಮ್ಮೇಳ-ಮುಮ್ಮೇಳದವರ ಹೆಸರನ್ನೆಲ್ಲ ಕಡತದ ಹೆಸರಿಗೇ ಸೇರಿಸಿದರೆ ವಿಂಡೋಸ್‌ನಿಂದ ನಕಲು ಮಾಡುವಾಗ ‘ಹೆಸರು ಉದ್ದವಾಯಿತು’ ಎಂದು ನಿಲ್ಲುತ್ತದೆ. ಕಲಾವಿದರ ಪಟ್ಟಿಯನ್ನು ಜೆಲ್ಲಿಫಿನ್‌ನ ವಿವರಣೆಯ ಜಾಗದಲ್ಲಿ ಬರೆಯಿರಿ. ಈ ಲೈಬ್ರರಿಯನ್ನು ‘ಸಿನಿಮಾ’ ಎಂದು ಗುರುತಿಸಬೇಡಿ, ಮನೆಯ ವಿಡಿಯೊ ಎಂದೇ ಗುರುತಿಸಿ. ಇಲ್ಲವಾದರೆ ನಿಮ್ಮೂರಿನ ಬಭ್ರುವಾಹನ ಕಾಳಗಕ್ಕೆ 1977ರ ರಾಜ್‌ಕುಮಾರ್ ಸಿನಿಮಾದ ಪೋಸ್ಟರ್ ಬಂದು ಅಂಟಿಕೊಂಡೀತು.

ಚಿರೇಕಲ್ಲಿನ ದಪ್ಪ ಗೋಡೆಗಳನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದು ಕಷ್ಟ. ಕಂಪ್ಯೂಟರಿನಿಂದ ರೂಟರಿಗೆ ಕ್ಯಾಟ್6 ಕೇಬಲನ್ನೇ ಎಳೆಯಿರಿ. ರೂಟರಿನಲ್ಲಿ ಈ ಕಂಪ್ಯೂಟರಿಗೆ ಒಂದು ವಿಳಾಸ ಕಾಯ್ದಿರಿಸಿ. ಕರೆಂಟು ಹೋಗಿ ಬಂದಾಗ ವಿಳಾಸ ಬದಲಾದರೆ ಟಿವಿ ‘ಸರ್ವರ್ ಸಿಗಲಿಲ್ಲ’ ಎನ್ನುತ್ತದೆ, ಮನೆಯವರು ಎಲ್ಲ ಹಾಳಾಯಿತೆಂದು ಕೈಬಿಡುತ್ತಾರೆ. ಬೆಂಗಳೂರಿನಲ್ಲಿರುವ ಮಕ್ಕಳಿಗೂ ತೋರಿಸಬೇಕೆಂದು ಜೆಲ್ಲಿಫಿನ್ ಬಳಸುವ 8096ನೇ ಪೋರ್ಟನ್ನು ರೂಟರಿನಲ್ಲಿ ಹೊರಜಗತ್ತಿಗೆ ತೆರೆದಿಡಬೇಡಿ. ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗ ಬಳಸಿ. ಗುಡುಗು ಶುರುವಾದರೆ ಪವರ್ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲ್, ಡಿಶ್ಶಿನ ಕೇಬಲ್ ಎಲ್ಲವನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಡಿಶ್ಶಿನ ತಂತಿಯಿಂದ ಟಿವಿಗೆ, ಅಲ್ಲಿಂದ ಎಚ್‌ಡಿಎಂಐ ಹಾದು ಕಂಪ್ಯೂಟರಿಗೆ ಬರುತ್ತದೆ.

ಇಷ್ಟೆಲ್ಲ ಮಾಡಿ ಒಂದೇ ಡಿಸ್ಕಿನಲ್ಲಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಎರಡನೇ ಡಿಸ್ಕಿಗೆ ಆರ್‌ಸಿಂಕ್ ಎಂಬ ತಂತ್ರಾಂಶದಿಂದ ನಕಲು ಮಾಡಿ, ಅದನ್ನು ಬೇರೆ ಮನೆಯಲ್ಲಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಮಳೆಗಾಲಕ್ಕೆ ಮೊದಲೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ಚುಚ್ಚಿ, ನಾಲ್ಕಾರು ಕಡತ ತೆರೆದು ನೋಡಿ. ಮೂಲ ಟೇಪನ್ನೂ ಬಿಸಾಡಬೇಡಿ.

ಮನೆಯಲ್ಲಿ ನೋಡಲು ಇಳಿಸಿಕೊಂಡದ್ದನ್ನು ಯೂಟ್ಯೂಬಿಗೆ ಏರಿಸುವ ಮಾತು ಬೇರೆ. ಕೃತಿಸ್ವಾಮ್ಯ ಕಾಯ್ದೆ ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿದೆ, ಅವರನ್ನೋ ಅವರ ಮನೆಯವರನ್ನೋ ಕೇಳಲೇಬೇಕು.

ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಕಾರವಾರದ ಕಂಪ್ಯೂಟರ್ ದುರಸ್ತಿ ಅಂಗಡಿಯವರಲ್ಲಿ ಒಂದು ಕೋರಿಕೆ: ಹಳೆ ಯಂತ್ರ ಮಾರಲು ಬಂದವರಿಗೆ ಗುಜರಿ ಬೆಲೆ ಹೇಳುವ ಮೊದಲು, ಇದನ್ನು ಹೀಗೆ ಮಾಡಿಕೊಡಬಲ್ಲೆವು ಎಂದು ಹೇಳಿ, ಅದಕ್ಕೆ ನ್ಯಾಯವಾದ ಮಜೂರಿ ತೆಗೆದುಕೊಳ್ಳಿ. ಕೆಲಸ ಮಾಡುವ ವಿಸಿಆರ್ ಈಗ ಎಲ್ಲೋ ಒಂದೆರಡು ಮನೆಗಳಲ್ಲಿ ಉಳಿದಿದೆ. ಯಕ್ಷಗಾನ ಸಂಘಗಳು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳು ಒಂದು ವಿಸಿಆರ್, ಒಂದು ಒಳ್ಳೆಯ ಕ್ಯಾಸೆಟ್ ಡೆಕ್ ಮತ್ತು ಒಂದು ಕ್ಯಾಪ್ಚರ್ ಸಾಧನವನ್ನು ಒಟ್ಟಿಗೆ ಇಟ್ಟುಕೊಂಡು ಊರವರಿಗೆ ಸರದಿಯ ಮೇಲೆ ಕೊಡುವಂತಾದರೆ, ಬರುವ ಮಳೆಗಾಲದ ಒಳಗೇ ಸಾಕಷ್ಟು ಟೇಪುಗಳನ್ನು ಉಳಿಸಿಕೊಳ್ಳಬಹುದು.

ಇತಿ,
ತಮ್ಮ ಪತ್ರಿಕೆಯ ಓದುಗ,
ಶಿರಸಿ