ಡಿಮ್ ಮಾಡಿದರಷ್ಟೇ ಸಾಲದು, ಹೇರು ತುಂಬಿದ ಪಿಕ್‌ಅಪ್‌ನ ಬೆಳಕನ್ನು ಇಳಿಸಬೇಕು

ಮಾನ್ಯ ಸಂಪಾದಕರೇ,

ಎಳ್ಳ ಅಮಾವಾಸ್ಯೆ ಹತ್ತಿರ ಬಂದಂತೆ ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ತೊಗರಿ ರಾಶಿ ಶುರುವಾಗುತ್ತದೆ. ಅದರ ಬೆನ್ನಿಗೇ ಚೀಲ ಹೇರಿಕೊಂಡ ಪಿಕ್‌ಅಪ್‌ಗಳು, ಹರಾಜಿಗೆ ಮುಂಚೆ ಕಲಬುರಗಿಯ ಎಪಿಎಂಸಿ ಮಾರುಕಟ್ಟೆಯಾದ ನೆಹರು ಗಂಜ್ ಮುಟ್ಟಬೇಕೆಂದು ರಾತ್ರಿಯೇ ಊರು ಬಿಡುತ್ತವೆ. ನಾನೂ ಅಂಥದೊಂದು ಪಿಕ್‌ಅಪ್ ಇಟ್ಟುಕೊಂಡು ಸ್ವತಃ ಓಡಿಸುವವನಾದ್ದರಿಂದ, ಎದುರಿನವರ ಕಣ್ಣು ಕುಕ್ಕುವ ನಮ್ಮ ಹೆಡ್‌ಲೈಟ್‌ಗಳ ವಿಷಯವನ್ನು ಹಂಗಾಮು ಬಿರುಸಾಗುವ ಮೊದಲೇ ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ.

ಕಳೆದ ಹಂಗಾಮಿನ ಒಂದು ರಾತ್ರಿ 30 ಚೀಲ ತೊಗರಿ, ಅಂದರೆ 15 ಕ್ವಿಂಟಲ್, ಹೇರಿಕೊಂಡು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಮಲಾಪುರದಿಂದ ಕಲಬುರಗಿಯ ಕಡೆ ಬರುತ್ತಿದ್ದೆ. ಡಿಮ್‌ನಲ್ಲೇ ಇದ್ದರೂ ಎದುರಿನ ವಾಹನಗಳು ಒಂದರ ಹಿಂದೊಂದು ಡಿಪ್ಪರ್ ಹೊಡೆಯುತ್ತಿದ್ದವು. ಕುರಿಕೋಟಾ ಸೇತುವೆಯ ಹತ್ತಿರ, ಹೆಂಡತಿ ಮಗುವನ್ನು ಕೂರಿಸಿಕೊಂಡು ಬರುತ್ತಿದ್ದ ಬೈಕ್ ಸವಾರನೊಬ್ಬ ಡಾಂಬರು ಬಿಟ್ಟು ಮಣ್ಣಿಗಿಳಿದು, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟ. ಗಾಡಿ ನಿಲ್ಲಿಸಿ ಇಳಿದೆ. "ಅಣ್ಣಾ, ಡಿಮ್ ಮಾಡ್ರಿ, ರೋಡೇ ಕಾಣವಲ್ದು" ಎಂದ. ಡಿಮ್ ಆಗಿಯೇ ಇದೆ ಎಂದು ಸ್ವಿಚ್ ತೋರಿಸಿದರೆ ಅವನು ನಂಬಲಿಲ್ಲ. ಅವನ ಜಾಗದಲ್ಲಿ ನಿಂತು ನನ್ನ ಗಾಡಿಯನ್ನು ನೋಡಿದಾಗ ನನಗೂ ನಂಬಲಾಗಲಿಲ್ಲ.

ಅದಕ್ಕೆ ಎರಡು ತಿಂಗಳ ಹಿಂದೆ ಪೆಟ್ಟು ಬಿದ್ದು ಎಡಗಡೆಯ ಹೆಡ್‌ಲೈಟ್ ಬದಲಾಯಿಸಿದ್ದೆ. ಹಾಕಿಕೊಟ್ಟ ಗ್ಯಾರೇಜಿನವರು ದೀಪ ಹತ್ತುತ್ತದೆಯೇ ಎಂದು ನೋಡಿದರೇ ಹೊರತು ಬೆಳಕು ಎಲ್ಲಿ ಬೀಳುತ್ತದೆ ಎಂದು ನೋಡಲಿಲ್ಲ, ನಾನೂ ಕೇಳಲಿಲ್ಲ. ಆದರೆ ತಪ್ಪು ಅಷ್ಟೇ ಅಲ್ಲವೆಂಬುದು ಗಂಜ್‌ನಲ್ಲಿ ಗೊತ್ತಾಯಿತು. ಇನ್ನೂ ಕತ್ತಲಿತ್ತು, ಗಾಡಿಯ ಮುಖ ಗೋದಾಮಿನ ಗೋಡೆಗಿತ್ತು, ದೀಪ ಹಚ್ಚಿಯೇ ಇಟ್ಟಿದ್ದೆ. ಎಡಗಡೆಯ ಬೆಳಕು ಬಲಗಡೆಯದಕ್ಕಿಂತ ಮೇಲಿದ್ದದ್ದು ಎದ್ದು ಕಾಣುತ್ತಿತ್ತು. ಹಿಂದೆ ಹಮಾಲರು ಒಂದೊಂದೇ ಚೀಲ ಇಳಿಸಿದಂತೆ ಗೋಡೆಯ ಮೇಲಿನ ಎರಡೂ ಬೆಳಕಿನ ಅಂಚುಗಳು ಮೆಲ್ಲಗೆ ಕೆಳಗೆ ಸರಿಯುತ್ತಾ ಬಂದು, ಕೊನೆಯ ಚೀಲ ಇಳಿಯುವ ಹೊತ್ತಿಗೆ ಸುಮಾರು ಆರು ಬೆರಳಿನಷ್ಟು ಇಳಿದಿದ್ದವು. ಅಷ್ಟು ವರ್ಷ ಗಾಡಿ ಓಡಿಸಿದರೂ ಇದನ್ನು ನಾನು ಗಮನಿಸಿರಲಿಲ್ಲ.

ಲೆಕ್ಕ ಸರಳವಿದೆ. ಡಿಮ್ ಬೆಳಕಿನ ಮೇಲಂಚು 10 ಮೀಟರಿಗೆ 10 ಸೆಂಟಿಮೀಟರಿನಂತೆ ಕೆಳಗಿಳಿಯಬೇಕು. ಮುಂದಿನ ಹಾಗೂ ಹಿಂದಿನ ಗಾಲಿಗಳ ನಡುವೆ 3 ಮೀಟರ್ ಅಂತರವಿರುವ ಗಾಡಿಯಲ್ಲಿ, ಭಾರಕ್ಕೆ ಹಿಂಬದಿಯ ಸ್ಪ್ರಿಂಗ್ ಪಟ್ಟಿಗಳು ಬಗ್ಗಿ ಹಿಂಭಾಗ ಕೇವಲ 3 ಸೆಂಟಿಮೀಟರ್ ಕುಗ್ಗಿದರೂ ಆ ಇಳಿಜಾರು ಪೂರ್ತಿ ಅಳಿಸಿಹೋಗುತ್ತದೆ. 6 ಸೆಂಟಿಮೀಟರ್ ಕುಗ್ಗಿದರೆ ಅಷ್ಟೇ ಪ್ರಮಾಣದಲ್ಲಿ ಬೆಳಕು ಮೇಲಕ್ಕೇರುತ್ತದೆ. ಆಗ ನೆಲದಿಂದ 80 ಸೆಂಟಿಮೀಟರ್ ಎತ್ತರದಲ್ಲಿರುವ ದೀಪದ ಬೆಳಕು 60 ಮೀಟರ್ ದೂರದಲ್ಲಿ 140 ಸೆಂಟಿಮೀಟರ್ ಎತ್ತರ ತಲುಪುತ್ತದೆ, ಅಂದರೆ ನೇರವಾಗಿ ಬೈಕ್ ಸವಾರನ ಕಣ್ಣಿಗೆ. ಕೇಂದ್ರ ಮೋಟಾರು ವಾಹನ ನಿಯಮಾವಳಿ, 1989ರ 106ನೇ ನಿಯಮವು, 8 ಮೀಟರ್ ದೂರದಲ್ಲಿ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಕುಕ್ಕದ ಹಾಗೆ ಬೆಳಕು ಸದಾ ಕೆಳಮುಖವಾಗಿರಬೇಕು ಇಲ್ಲವೇ ಚಾಲಕ ಅದನ್ನು ಕೆಳಗಿಳಿಸಲು ಬರುವಂತಿರಬೇಕು ಎನ್ನುತ್ತದೆ. ಗಾಡಿ ಖಾಲಿ ಇದ್ದಾಗ ಮಾತ್ರ ಎಂದು ಹೇಳುವುದಿಲ್ಲ.

ಸರಿಪಡಿಸುವುದಕ್ಕೆ ಅರ್ಧ ಗಂಟೆ ಸಾಕು. ಚಕ್ರಗಳ ಗಾಳಿ ನೋಡಿಕೊಂಡು, ಸಮನೆಲದಲ್ಲಿ ಗಾಡಿಯನ್ನು ಗೋಡೆಯ ತೀರಾ ಹತ್ತಿರ ನಿಲ್ಲಿಸಿ, ಪ್ರತಿ ದೀಪದ ನಡುಮಧ್ಯದ ನೇರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಬೇಕು. ನಂತರ ನೇರವಾಗಿ 5 ಮೀಟರ್ ಹಿಂದಕ್ಕೆ ಸರಿದು, ಚಾಲಕ ತನ್ನ ಆಸನದಲ್ಲಿ ಕುಳಿತಿರುವಾಗಲೇ ಡಿಮ್ ಹಚ್ಚಿ, ಒಂದು ದೀಪಕ್ಕೆ ರಟ್ಟು ಅಡ್ಡ ಹಿಡಿದು ಇನ್ನೊಂದನ್ನು ನೋಡಬೇಕು. ಬೆಳಕಿನ ಸಮತಟ್ಟಾದ ಅಂಚು ಗುರುತಿಗಿಂತ 5 ಸೆಂಟಿಮೀಟರ್ ಕೆಳಗಿರುವಂತೆ ದೀಪದ ಹಿಂದಿನ ಸ್ಕ್ರೂ ತಿರುಗಿಸಬೇಕು. ನಮ್ಮಲ್ಲಿ ರಸ್ತೆಯ ಎಡಗಡೆ ಓಡಿಸುವುದರಿಂದ ಆ ಅಂಚು ಎಡಕ್ಕೆ ಸ್ವಲ್ಪ ಮೇಲೇರಿರುತ್ತದೆ. ಅದನ್ನು ದೋಷವೆಂದು ಭಾವಿಸಿ ದೀಪವನ್ನು ಬಲಕ್ಕೆ ತಿರುಗಿಸಬಾರದು. ಹೆಡ್‌ಲೈಟಿನ ಎಚ್4 ಮಾದರಿ ಬಲ್ಬಿನ ಮೂರು ಕಿವಿಗಳು ತಮ್ಮ ಕಚ್ಚುಗಳಲ್ಲಿ ಸರಿಯಾಗಿ ಕೂರದಿದ್ದರೆ, ಅಥವಾ 60/55 ವ್ಯಾಟ್‌ನ ಬಲ್ಬಿನ ಜಾಗಕ್ಕೆ ಎಲ್‌ಇಡಿ ತುರುಕಿದ್ದರೆ, ಅಂಚೇ ಮೂಡದೆ ಬೆಳಕು ಚೆಲ್ಲಾಡುತ್ತದೆ. ಅಂಥಲ್ಲಿ ಸ್ಕ್ರೂ ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ.

ಇದನ್ನೆಲ್ಲ ದಿನನಿತ್ಯ ಒಯ್ಯುವಷ್ಟು ಹೇರು ತುಂಬಿಕೊಂಡೇ ಮಾಡಬೇಕೆಂಬುದು ನನ್ನ ಮುಖ್ಯ ಮಾತು. ಡ್ಯಾಶ್‌ಬೋರ್ಡಿನಲ್ಲಿ ಬೆಳಕನ್ನು ಇಳಿಸಲು 0, 1, 2, 3 ಎಂದು ಬರೆದ ತಿರುಗಿಸುವ ಗುಬುಟು ಇರುವ ಗಾಡಿಯಲ್ಲಿ ಖಾಲಿ ಇದ್ದಾಗ 0ಗೆ ಹೊಂದಿಸಿ, ಹೇರಿದಾಗ ಅಂಕಿ ಏರಿಸಿದರೆ ಆಯಿತು; ಆ ಗುಬುಟು ಇದ್ದೂ ಅದು ಯಾತಕ್ಕೆಂದು ತಿಳಿಯದ ಚಾಲಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದಿಲ್ಲದ ಗಾಡಿಯಲ್ಲಿ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಹೇರಿಗೆ ಹೊಂದಿಸಿದ ದೀಪ ಖಾಲಿ ಮರಳುವಾಗ 80 ಮೀಟರ್ ಹೋಗಬೇಕಾದ ಬೆಳಕನ್ನು 40 ಮೀಟರಿಗೇ ನೆಲಕ್ಕೆ ಇಳಿಸಬಹುದು. 60 ಕಿಲೋಮೀಟರ್ ವೇಗದಲ್ಲಿ ಆ ದೂರ ಎರಡೂವರೆ ಸೆಕೆಂಡಿನೊಳಗೆ ಮುಗಿದುಹೋಗುವುದರಿಂದ ಖಾಲಿ ಗಾಡಿಯನ್ನು ರಾತ್ರಿ ನಿಧಾನ ಓಡಿಸಲೇಬೇಕು. ಇನ್ನೊಬ್ಬರ ಕಣ್ಣಿಗೆ ಕತ್ತಲೆ ಕವಿಸುವುದಕ್ಕಿಂತ ನಾನು ಹತ್ತು ನಿಮಿಷ ತಡವಾಗಿ ಮನೆ ಮುಟ್ಟುವುದು ಮೇಲು ಎಂದು ಈಗ ಹಾಗೆಯೇ ಓಡಿಸುತ್ತಿದ್ದೇನೆ.

ಸರಕು ವಾಹನಕ್ಕೆ 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಆದರೆ ಆ ಪರೀಕ್ಷೆಗೆ ನಾವು ಗಾಡಿಯನ್ನು ಖಾಲಿಯೇ ಒಯ್ಯುತ್ತೇವೆ. ಹೇರು ಬಿದ್ದಾಗ ದೀಪ ಎಲ್ಲಿಗೆ ಏರುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ. ಅದು ಕಾಣುವ ಜಾಗ ಗಂಜ್. ಆದ್ದರಿಂದ ಕಲಬುರಗಿ ಎಪಿಎಂಸಿ ಆಡಳಿತದವರು ಪ್ರಾಂಗಣದಲ್ಲಿ ಸಮತಟ್ಟಾದ ಕಾಂಕ್ರೀಟ್ ನೆಲಕ್ಕೆ ಎದುರಾಗಿರುವ ಒಂದು ಗೋಡೆಯನ್ನು ಇದಕ್ಕಾಗಿ ಗುರುತಿಸಿ, ನೆಲದಿಂದ 60ರಿಂದ 120 ಸೆಂಟಿಮೀಟರ್‌ವರೆಗೆ ಅಳತೆ ಪಟ್ಟಿ ಬರೆಸಿ, 5 ಮೀಟರ್ ದೂರದಲ್ಲಿ ನೆಲದ ಮೇಲೊಂದು ಗೆರೆ ಎಳೆಸಬೇಕೆಂದು ಕೋರುತ್ತೇನೆ. ಸರದಿಯಲ್ಲಿ ಕಾಯುವ ಚಾಲಕರು ಚೀಲ ಇಳಿಸುವ ಮುನ್ನ ಅಲ್ಲಿಯೇ ದೀಪ ಹೊಂದಿಸಿಕೊಳ್ಳಬಹುದು. ಹಂಗಾಮಿನ ಮೊದಲ ವಾರ ಸಾರಿಗೆ ಇಲಾಖೆಯವರು ಒಬ್ಬ ತಿಳಿದ ಮೆಕ್ಯಾನಿಕನನ್ನು ಅಲ್ಲಿ ಕೂರಿಸಿ, ದಂಡ ಹಾಕುವ ಬದಲು ಸ್ಕ್ರೂ ತಿರುಗಿಸುವುದನ್ನು ಕಲಿಸಿಕೊಟ್ಟರೆ ಇನ್ನೂ ಒಳ್ಳೆಯದು. ಗೋಡೆ ತೋರಿಸಿಕೊಟ್ಟರೆ ಬಣ್ಣದ ಖರ್ಚನ್ನು ಕಮಲಾಪುರ ಕಡೆಯ ನಾವು ನಾಲ್ಕಾರು ಪಿಕ್‌ಅಪ್ ಮಾಲೀಕರೇ ಹಾಕಿಕೊಳ್ಳಲು ಸಿದ್ಧರಿದ್ದೇವೆ.

– ಒಬ್ಬ ಪಿಕ್‌ಅಪ್ ಮಾಲೀಕ ಮತ್ತು ಚಾಲಕ,
ಕಮಲಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ